ಹೊಸ ಚೆಂಡಿನ ಮೈ ಮತ್ತು ತಿರುಳು

ಹತ್ತು ಪಿನ್‌ಗಳನ್ನು ಉರುಳಿಸುವ ಬೌಲಿಂಗ್ ಆಟದ ಚೆಂಡಿನ ಜಾಹೀರಾತಿನಲ್ಲಿ ಅದನ್ನು ನಡುವೆ ಸೀಳಿ ತೋರಿಸುವುದು ವಾಡಿಕೆ. ಒಳಗೆ ಬಲ್ಬಿನಂತೆಯೋ, ಬೋರಲು ಹಾಕಿದ ತಂಬಿಗೆಯಂತೆಯೋ ಬಣ್ಣಬಣ್ಣದ ತಿರುಳು. ಗುಟ್ಟೆಲ್ಲ ಅದರಲ್ಲೇ ಇದೆಯೆಂದು ನಂಬಲು ಮನಸ್ಸು ಹಾತೊರೆಯುತ್ತದೆ. ಆದರೆ ಚೆಂಡಿನ ಭಾರ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ 2.46ರಿಂದ 2.80 ಇಂಚಿನೊಳಗೇ ಇರಬೇಕೆಂದು ಈ ಆಟದ ಸಂಸ್ಥೆಯಾದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಕಟ್ಟುಮಾಡಿದೆ. ವಿನ್ಯಾಸಕಾರರ ಕಸರತ್ತೆಲ್ಲ ಒಂಬತ್ತು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ನಡೆಯಬೇಕು!

ಹೊಸ ಚೆಂಡು ಕೊಳ್ಳಬೇಕೇ, ಹಳೆಯದೇ ಸಾಕೇ ಎಂದು ತೂಗುವಾಗ ನಾನು ಮೊದಲು ಸವರಿ ನೋಡುವುದು ಚೆಂಡಿನ ಮೈಯನ್ನು. ಚೆಂಡು ಉರುಳುವ ಹಲಗೆಯ ಹಾದಿ, ಅಂದರೆ ಲೇನ್, ಎಸೆಯುವ ಗೆರೆಯಿಂದ ಎಲ್ಲಕ್ಕಿಂತ ಮುಂದಿನ ಪಿನ್‌ವರೆಗೆ 60 ಅಡಿ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟಕ್ಕೆ ಎಣ್ಣೆ ಬಳಿದಿರುತ್ತಾರೆ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಹಲಗೆ ಸಿಕ್ಕೊಡನೆ ಕಚ್ಚಿ ತಿರುಗುತ್ತದೆ. ಸುಮಾರು 6 ಡಿಗ್ರಿ ಓರೆಯಾಗಿ ನುಗ್ಗಿದರೆ ಹತ್ತೂ ಪಿನ್ ಉರುಳುವ ಸಂಭವ ಹೆಚ್ಚು. ನೇರ ಎಸೆತಕ್ಕೆ ಆ ಓರೆ ದಕ್ಕುವುದಿಲ್ಲ. ತಿರುವು ಎಲ್ಲಿ, ಎಷ್ಟು ಬಿರುಸಾಗಿ ಬರುತ್ತದೆ ಎಂಬುದರಲ್ಲಿ ದೊಡ್ಡ ಪಾಲು ಮೈಯ ಒರಟಿನದು. 500 ನಂಬರಿನ ಒರಟು ಉಪ್ಪುಕಾಗದದಿಂದ ಉಜ್ಜಿದ ಚೆಂಡು ಬೇಗ ಕಚ್ಚುತ್ತದೆ. ಅದನ್ನೇ 4000 ನಂಬರಿನ ನುಣುಪಾದದ್ದರಿಂದ ಉಜ್ಜಿದರೆ ದೂರ ಜಾರಿ, ಕೊನೆಯಲ್ಲಿ ಥಟ್ಟನೆ ಹೊರಳುತ್ತದೆ.

ಹಾಗಾಗಿ ಹೊಸ ಚೆಂಡಿನ ಮೊದಲ ವಾರದ ಚಮತ್ಕಾರ ಬರೀ ಹೊಸ ಮೈಯದ್ದೇ ಇರಬಹುದು. ರಿಯಾಕ್ಟಿವ್ ರೆಸಿನ್ ಎಂಬ ಪ್ಲಾಸ್ಟಿಕ್ ಬಗೆಯ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ; ಆಡುತ್ತಾ ಆಡುತ್ತಾ ಅವು ಎಣ್ಣೆ ಕುಡಿಯುತ್ತವೆ, ಒರಟು ಸವೆಯುತ್ತದೆ. ನಿಮ್ಮ ಹಳೆಯದು ಮಂಕಾದದ್ದೂ ಹೀಗೆಯೇ. ಹೋಲಿಸುವ ಮುನ್ನ ಅದರ ಎಣ್ಣೆ ತೆಗೆಸಿ, ಹೊಸದರ ನಂಬರಿನ ಉಪ್ಪುಕಾಗದದಿಂದಲೇ ಉಜ್ಜಿಸಿ. ಬೆರಳಿನ ರಂಧ್ರ ಕೊರೆಸದೆ ಹೊಸದನ್ನು ಎಸೆಯಲಾಗದು, ಕೊರೆಸಿದರೆ ಕೊಂಡಂತೆಯೇ; ಕೈಗೆ ಒಗ್ಗುವ ಅದೇ ಮಾದರಿಯ ಚೆಂಡು ಜೊತೆಯ ಆಟಗಾರರಲ್ಲಿದ್ದರೆ ಕೇಳಿ ಪಡೆಯುವುದೇ ದಾರಿ.

ಎಸೆಯುವಾಗ ಒಮ್ಮೆ ಹಳೆಯದು, ಒಮ್ಮೆ ಹೊಸದು. ಪ್ರತಿ ಚೆಂಡೂ ಒಂದಿಷ್ಟು ಎಣ್ಣೆ ಹೊತ್ತೊಯ್ಯುವುದರಿಂದ ಇಪ್ಪತ್ತು ಎಸೆತ ಕಂಡ ಲೇನ್ ಬೇರೆಯೇ ಲೇನ್. ಮರಳಿ ಬಂದ ಚೆಂಡನ್ನು ಒರೆಸುವ ಮೊದಲು ಬೆಳಕಿಗೆ ಹಿಡಿಯಿರಿ. ಎಣ್ಣೆಯ ಉಂಗುರಗಳು ಎರಡು ಕಡೆ ಒಂದನ್ನೊಂದು ದಾಟಿ, ನಡುವೆ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಬೀಸಣಿಗೆ ಅಗಲವಾಗಿದ್ದರೆ ಸುತ್ತು ಸುತ್ತಿಗೂ ಒಣ ಮೈ ಹಲಗೆಗೆ ತಾಗಿದೆ ಎಂದರ್ಥ. ತಿರುಳು ತನ್ನ ಕೆಲಸ ತೋರುವುದು ಇಲ್ಲಿ, ಸೀಳಿದ ಚಿತ್ರದಲ್ಲಲ್ಲ. ರಂಧ್ರ ಕೊರೆದ ಜಾಗವೂ ಇದನ್ನು ಬದಲಿಸುತ್ತದೆ.

ಕಳೆದ ಬಾರಿ ಹೀಗೆ ಹೋಲಿಸಿದಾಗ ನನಗೆ ಕಂಡ ವ್ಯತ್ಯಾಸ ಲೇನಿನ ಎರಡು ಹಲಗೆಗಳ ಅಗಲ, ಎಂದರೆ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು. ನನ್ನ ಕೈ ಎಸೆತದಿಂದ ಎಸೆತಕ್ಕೆ ಅದಕ್ಕಿಂತ ಹೆಚ್ಚು ತಪ್ಪುತ್ತದೆ. ಗೆಳೆಯನ ಚೆಂಡನ್ನು ಅವನಿಗೆ ಹಿಂದಿರುಗಿಸಿ, ನಾಲ್ಕು ಹಾಳೆ ಉಪ್ಪುಕಾಗದ ಕೊಂಡುಕೊಂಡೆ.