ಹಸಿ ಮೀನಿಗೆ ತಂಪೇ ಒಲೆ

ಹವಾಯಿ ಭಾಷೆಯಲ್ಲಿ ‘ಪೊಕೆ’ ಎಂದರೆ ಅಡ್ಡಲಾಗಿ ಕೊಯ್ದು ತುಂಡು ಮಾಡುವುದು. ಅನ್ನದ ಮೇಲೆ ಹಸಿ ಮೀನಿನ ತುಂಡುಗಳನ್ನು ಹರಡಿ ಕೊಡುವ ಈ ತಿನಿಸಿನ ಮೊದಲ ಪಾಠ ಅದರ ಹೆಸರಿನಲ್ಲೇ ಇದೆ. ಟ್ಯೂನಾ ಮೀನಿನ ಒಂದು ಹೋಳನ್ನು ಹಲಗೆಯ ಮೇಲಿಟ್ಟು ನೋಡಿ. ನಸುಬಿಳಿಯ ತೆಳು ಗೆರೆಗಳು ಕಾಣಿಸುತ್ತವೆ. ಎರಡು ಗೆರೆಗಳ ನಡುವೆ ಇರುವುದು ಸ್ನಾಯುವಿನ ಒಂದು ಪದರ. ಮೀನಿನ ಮೈಯನ್ನು ನೀರೇ ಹೊತ್ತುಕೊಳ್ಳುವುದರಿಂದ, ನೆಲದ ಮೇಲೆ ನಡೆಯುವ ಪ್ರಾಣಿಗಳಂತೆ ಸ್ನಾಯುಗಳನ್ನು ಬಿಗಿಯಾಗಿ ಕಟ್ಟಿಡುವ ಕೊಲಾಜನ್ ಅದಕ್ಕೆ ಹೆಚ್ಚು ಬೇಕಾಗಿಲ್ಲ. ಕುರಿಯ ಮಾಂಸ ಮೆತ್ತಗಾಗಬೇಕಾದರೆ ಗಂಟೆಗಟ್ಟಲೆ ಬೇಯಿಸಿ ಕೊಲಾಜನ್ ಕರಗಿಸಬೇಕು. ಮೀನಿನಲ್ಲಿ ಆ ಕೆಲಸವನ್ನು ಹರಿತವಾದ ಚಾಕು ಮುಗಿಸಿಬಿಡುತ್ತದೆ. ಗೆರೆಗಳಿಗೆ ಅಡ್ಡಲಾಗಿ ಕೊಯ್ದರೆ ಎಳೆಗಳು ಮೊಟಕಾಗಿ, ತುಂಡು ಬಾಯಲ್ಲಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಗೆರೆಗಳ ಉದ್ದಕ್ಕೇ ಕೊಯ್ದರೆ ಅದೇ ಮೀನು ನಾರುನಾರಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಒಲೆ ಹಚ್ಚದೆ ಮಾಡುವ ಅಡುಗೆಯಲ್ಲಿ ಒಲೆಯ ಕೆಲಸಗಳನ್ನು ಬೇರೆ ಯಾರಾದರೂ ಮಾಡಲೇಬೇಕು. ಮೆತ್ತಗಾಗಿಸುವುದನ್ನು ಚಾಕು ಮಾಡಿತು. ರುಚಿ ಕೊಡುವುದನ್ನು, ಅದಕ್ಕಿಂತ ಮುಖ್ಯವಾಗಿ ಕಾಯಿಲೆ ತರುವ ಜೀವಿಗಳನ್ನು ದೂರವಿಡುವುದನ್ನು ಯಾರು ಮಾಡುತ್ತಾರೆ? ಮಲ್ಪೆಯ ಸಮೀಪ ಮೀನು ತಿಂದು ಬೆಳೆದು, ಈಗ ಕ್ಯಾಲಿಫೋರ್ನಿಯಾದ ಅಡುಗೆಮನೆಯಲ್ಲಿ ಪೊಕೆ ಮಾಡುವ ನನಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದೆ.

ಯುರೋಪಿನ ಹಡಗುಗಳು ಬರುವುದಕ್ಕೆ ಬಹಳ ಮೊದಲೇ ಹವಾಯಿಯ ಜನ ಮೀನನ್ನು ಹೀಗೆ ತುಂಡು ಮಾಡಿ, ಕಡಲುಪ್ಪು, ‘ಲಿಮು’ ಎನ್ನುವ ಕಡಲಪಾಚಿ, ಹುರಿದು ಕುಟ್ಟಿದ ಕುಕುಯಿ ಬೀಜ ಬೆರೆಸಿ ತಿನ್ನುತ್ತಿದ್ದರು. ಕುಕುಯಿ ಬೀಜದಲ್ಲಿ ಎಣ್ಣೆಯಂಶ ಎಷ್ಟಿದೆಯೆಂದರೆ ಅದನ್ನು ದೀಪದಂತೆ ಉರಿಸುತ್ತಿದ್ದರು. ಹಸಿಯಾಗಿ ತಿಂದರೆ ಹೊಟ್ಟೆ ಕೆಡಿಸುವ ಬೀಜ ಅದು, ಆದ್ದರಿಂದ ಹುರಿಯಲೇಬೇಕು. ಜೊತೆಗೆ ತಿನ್ನುತ್ತಿದ್ದುದು ಅನ್ನವನ್ನಲ್ಲ, ಕೆಸುವಿನ ಗಡ್ಡೆಯನ್ನು ಬೇಯಿಸಿ ಜಜ್ಜಿ ಮಾಡಿದ ‘ಪೊಯಿ’ಯನ್ನು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಪತ್ರೊಡೆಗೆ ಎಲೆ ಕೊಡುವ ಅದೇ ಕೆಸು! ಏಷ್ಯಾದಿಂದ ಹೊರಟ ಈ ಗಿಡವನ್ನು ಪೆಸಿಫಿಕ್ ಸಾಗರದ ದ್ವೀಪಗಳಿಗೆ ದೋಣಿಯಲ್ಲಿ ಹೊತ್ತುಕೊಂಡು ಹೋದವರು ಪಾಲಿನೇಷ್ಯದ ನಾವಿಕರು. ಗಂಟಲು ಕೆರೆಸುವ ಆಕ್ಸಲೇಟಿನ ಸೂಜಿಹರಳುಗಳಿಗಾಗಿ ಅಲ್ಲಿಯೂ ಅದನ್ನು ಚೆನ್ನಾಗಿ ಬೇಯಿಸುತ್ತಾರೆ, ಇಲ್ಲಿಯೂ ಬೇಯಿಸುತ್ತಾರೆ.

ಲಿಮುವಿನ ಬಗ್ಗೆ ಹೇಳುವಾಗ ಕಡಲಪಾಚಿಗಳ ವಿಜ್ಞಾನಿ ಇಸಬೆಲ್ಲಾ ಅಬಟ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1919ರಲ್ಲಿ ಮಾವಿ ದ್ವೀಪದ ಹಾನಾದಲ್ಲಿ ಹುಟ್ಟಿದ ಅವರು ಕಡಲಪಾಚಿಗಳ ಹೆಸರುಗಳನ್ನು ಮೊದಲು ಕಲಿತದ್ದು ತಾಯಿಯಿಂದ. 1950ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಹವಾಯಿ ಮೂಲದ ಮೊದಲ ಮಹಿಳೆ ಅವರು. 1819ರವರೆಗೆ ಜಾರಿಯಲ್ಲಿದ್ದ ‘ಕಪು’ ಕಟ್ಟಳೆಗಳಂತೆ ಹವಾಯಿಯ ಹೆಂಗಸರು ಹಂದಿಮಾಂಸ, ತೆಂಗಿನಕಾಯಿ ಮುಂತಾದವನ್ನು ತಿನ್ನುವಂತಿರಲಿಲ್ಲ. ಲಿಮುವಿಗೆ ಅಂಥ ನಿಷೇಧವಿರಲಿಲ್ಲ. ಯಾವ ಬಂಡೆಯ ಮೇಲೆ ಯಾವ ಪಾಚಿ ಬೆಳೆಯುತ್ತದೆ, ಯಾವುದು ಯಾವ ಮೀನಿಗೆ ಒಗ್ಗುತ್ತದೆ ಎಂಬ ತಿಳಿವಳಿಕೆ ಹೆಂಗಸರ ಕೈಯಲ್ಲಿ ಬೆಳೆಯಿತು. ಪೊಕೆಗೆ ಹಾಕುವ ಲಿಮುಗಳಲ್ಲಿ ಹೆಸರಾದದ್ದು ಕಟುವಾಸನೆಯ ‘ಲಿಮು ಕೊಹು’. ವಿಜ್ಞಾನದ ಹೆಸರು ಆಸ್ಪರಾಗಾಪ್ಸಿಸ್ ಟ್ಯಾಕ್ಸಿಫಾರ್ಮಿಸ್. ದನಗಳ ಮೇವಿಗೆ ಇದನ್ನು ಸ್ವಲ್ಪ ಬೆರೆಸಿದರೆ ಅವು ಹೊರಬಿಡುವ ಮೀಥೇನ್ ತಗ್ಗುತ್ತದೆ ಎಂದು ಇಂದು ವಿಜ್ಞಾನಿಗಳು ಆಸಕ್ತಿಯಿಂದ ನೋಡುತ್ತಿರುವುದು ಇದೇ ಪಾಚಿಯನ್ನು.

ಕಬ್ಬಿನ ತೋಟಗಳಲ್ಲಿ ದುಡಿಯಲು 1868ರಲ್ಲಿ ಜಪಾನಿನಿಂದ ಮೊದಲ ತಂಡ ಬಂದಿತು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಚೀನಾ, ಕೊರಿಯಾಗಳಿಂದಲೂ ಕೂಲಿಕಾರರು ಬಂದರು. ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ, ಅನ್ನ ಪೊಕೆಯ ಬಟ್ಟಲಿಗೆ ಬಂದದ್ದು ಹೀಗೆ.

ಈಗ ತಂಪಿನ ವಿಷಯ. ಹೊನಲುಲುವಿನ 38ನೆಯ ಧಕ್ಕೆಯಲ್ಲಿ ಬೆಳಗಿನ ಜಾವ ಐದೂವರೆಗೆ ಮೀನಿನ ಹರಾಜು ಆರಂಭವಾಗುತ್ತದೆ. ಒಂದೊಂದು ಟ್ಯೂನಾಕ್ಕೂ ಪ್ರತ್ಯೇಕ ಬೆಲೆ. ಬಾಲದ ಬಳಿ ಕೊಯ್ದ ಸಣ್ಣ ತುಂಡಿನ ಬಣ್ಣ, ಕೊಬ್ಬು ನೋಡಿ ಕೂಗುತ್ತಾರೆ. ಅಲ್ಲಿ ಬರುವ ಎಷ್ಟೋ ಮೀನುಗಳು ಹಿಡಿದು ಹಲವು ದಿನಗಳಾದವು, ಆದರೂ ಹಸಿಯಾಗಿ ತಿನ್ನಲು ಯೋಗ್ಯ. ಮೀನು ಹಡಗಿನ ಅಟ್ಟಕ್ಕೆ ಬಂದ ಕ್ಷಣದಿಂದ ಮಂಜುಗಡ್ಡೆಯ ತಂಪು ಒಮ್ಮೆಯೂ ತಪ್ಪಿಲ್ಲದಿರುವುದೇ ಅದಕ್ಕೆ ಕಾರಣ. ಮೀನಿನ ತಾಜಾತನವನ್ನು ಗಂಟೆಗಳಲ್ಲಿ ಎಣಿಸುವುದಕ್ಕಿಂತ ಉಷ್ಣತೆಯಲ್ಲಿ ಅಳೆಯುವುದು ಸರಿ.

ಟ್ಯೂನಾಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ಅದು ಬಿಸಿ ಮೈಯ ಮೀನು. ಹೃದಯದತ್ತ ಮರಳುವ ಬೆಚ್ಚನೆಯ ರಕ್ತ, ಕಿವಿರಿನಿಂದ ಬರುವ ತಣ್ಣನೆಯ ರಕ್ತಕ್ಕೆ ತನ್ನ ಬಿಸಿಯನ್ನು ದಾಟಿಸುವಂತೆ ಅದರ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳ ಜಾಲವಿದೆ. ಹಾಗಾಗಿ ಒಳಮೈ ಸುತ್ತಲಿನ ನೀರಿಗಿಂತ ಬಿಸಿಯಾಗಿರುತ್ತದೆ. ಗಾಳದಲ್ಲಿ ಒದ್ದಾಡಿದಷ್ಟೂ ಬಿಸಿ ಏರುತ್ತದೆ, ಸ್ನಾಯುವಿನಲ್ಲಿ ಆಮ್ಲ ಕೂಡಿಕೊಳ್ಳುತ್ತದೆ. ಬೇಗನೆ ತಣಿಸದಿದ್ದರೆ ಮಾಂಸ ಬಿಳುಚಿ, ಬೆಂದಂತೆ ಸಡಿಲವಾಗಿಬಿಡುತ್ತದೆ.

ಅಷ್ಟೇ ಆಗಿದ್ದರೆ ರುಚಿಯ ನಷ್ಟವೆಂದು ಬಿಡಬಹುದಿತ್ತು. ಟ್ಯೂನಾ, ಬಂಗುಡೆಯಂಥ ಮೀನುಗಳ ಸ್ನಾಯುವಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ತಂಪು ತಪ್ಪಿದೊಡನೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ನಮಗೆ ಅಲರ್ಜಿಯಾದಾಗ ದೇಹವೇ ಬಿಡುಗಡೆ ಮಾಡುವ ರಾಸಾಯನಿಕ ಅದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತಲೆನೋವು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ನಾಲಿಗೆಗೆ ಮೆಣಸು ತಾಗಿದಂತಾಗುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದ ಬಂಗುಡೆಯನ್ನು ಎಷ್ಟು ಚೆನ್ನಾಗಿ ಪುಳಿಮುಂಚಿ ಮಾಡಿದರೂ ಈ ಒಂದು ವಿಷಯದಲ್ಲಿ ಬೆಂಕಿ ಕೈಚೆಲ್ಲುತ್ತದೆ. ಆರಂಭದ ತಂಪು ಮಾತ್ರ ಇದನ್ನು ತಡೆಯಬಲ್ಲದು. ಹಸಿ ಮೀನು ತಿನ್ನದವರೂ ಇದನ್ನು ತಿಳಿದಿರಬೇಕೆಂದು ನನ್ನ ಆಸೆ.

ಇನ್ನು ಹುಳುಗಳು. ಅನಿಸಾಕಿಸ್ ಎಂಬ ದಾರದಂಥ ಪರಾವಲಂಬಿ ಹುಳು ತಿಮಿಂಗಿಲ, ಸೀಲ್‌ಗಳ ಹೊಟ್ಟೆಯಲ್ಲಿ ಬೆಳೆದು ಮೊಟ್ಟೆಯಿಡುತ್ತದೆ. ಮರಿಗಳು ಸಣ್ಣ ಕಡಲಜೀವಿಗಳ ಮೂಲಕ ಮೀನಿನ ಒಡಲು ಸೇರುತ್ತವೆ. ಆ ಮೀನನ್ನು ಮನುಷ್ಯ ಹಸಿಯಾಗಿ ತಿಂದರೆ ಮರಿಹುಳು ದಾರಿ ತಪ್ಪಿ ನಮ್ಮ ಜಠರದ ಗೋಡೆಗೆ ತೂರಿಕೊಳ್ಳಲು ನೋಡುತ್ತದೆ, ಹೊಟ್ಟೆನೋವು ಸಹಿಸಲಾಗದಷ್ಟು. ಉಪ್ಪು, ವಿನೆಗರ್, ನಿಂಬೆರಸ ಯಾವುದನ್ನೂ ಇದಕ್ಕೆ ನಂಬುವಂತಿಲ್ಲ. ನಿಂಬೆಯ ಆಮ್ಲ ಮೀನಿನ ಪ್ರೋಟೀನನ್ನು ಬೆಳ್ಳಗೆ ಮಾಡಿ ಬೆಂದಂತೆ ತೋರಿಸುತ್ತದೆ, ಹುಳು ಒಳಗೆ ಜೀವಂತವಾಗಿರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸೂಚನೆ ಸ್ಪಷ್ಟವಾಗಿದೆ: ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾದ ಬಳಿಕ 15 ಗಂಟೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಏರಿಳಿಯುತ್ತದೆ. ಆ ಕೆಲಸ ಅದಕ್ಕೆ ಹೇಳಿದ್ದಲ್ಲ. ಹಳದಿ ರೆಕ್ಕೆಯ ಟ್ಯೂನಾ, ದೊಡ್ಡಕಣ್ಣಿನ ಟ್ಯೂನಾದಂಥ ದೊಡ್ಡ ಜಾತಿಗಳಲ್ಲಿ ಈ ಅಪಾಯ ತೀರ ಕಡಿಮೆಯೆಂದು ಅವುಗಳಿಗೆ ಅಲ್ಲಿನ ನಿಯಮದಲ್ಲಿ ವಿನಾಯಿತಿ ಇದೆ. ಹವಾಯಿಯಲ್ಲಿ ‘ಅಹಿ’ ಎಂದು ಕರೆಯುವುದು ಈ ಎರಡು ಜಾತಿಗಳನ್ನೇ. ಸಿಹಿನೀರಿನ ಮೀನುಗಳ ಹುಳುಗಳ ಸಂಸಾರವೇ ಬೇರೆ; ರೋಹು, ಕಾಟ್ಲಾಗಳನ್ನು ಹಸಿಯಾಗಿ ತಿನ್ನುವ ಯೋಚನೆಯೇ ಬೇಡ.

ಅಂಗಡಿಯಲ್ಲಿ ಬಣ್ಣ ನೋಡಿ ಮೋಸಹೋಗುವುದು ಸುಲಭ. ಟ್ಯೂನಾದ ಕೆಂಪು ಮಯೋಗ್ಲೋಬಿನ್ ಎಂಬ ಪ್ರೋಟೀನಿನದು, ಗಾಳಿಗೆ ಸಿಕ್ಕಿ ಕ್ರಮೇಣ ಕಂದಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಾಯಿಸಿದರೆ ಮಾತ್ರ ಮೀನು ಹಳಸಿದರೂ ಕಲ್ಲಂಗಡಿಯಂತೆ ಕೆಂಪಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ ಅವಕಾಶವಿದೆ, ಯುರೋಪಿಯನ್ ಒಕ್ಕೂಟದಲ್ಲಿಲ್ಲ. ‘ಸುಶಿ ದರ್ಜೆ’ ಎಂಬ ಚೀಟಿಗೂ ಅಮೆರಿಕದ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ. ಆದ್ದರಿಂದ ನಾನು ಬಣ್ಣವನ್ನೂ ಚೀಟಿಯನ್ನೂ ಬಿಟ್ಟು ಕೇಳುವುದು ಎರಡೇ ಪ್ರಶ್ನೆ: ಇದು ಯಾವ ಜಾತಿ? ಇದನ್ನು ಹಿಡಿದಂದಿನಿಂದ ಹೇಗೆ ಇಟ್ಟಿದ್ದೀರಿ? ಉತ್ತರ ಗೊತ್ತಿರುವ ಮೀನಂಗಡಿಯವರು ಸಂತೋಷದಿಂದ ಹೇಳುತ್ತಾರೆ. ಆಮೇಲೆ ಮೂಗು. ಮೀನಿನ ವಾಸನೆಯೆಂದು ನಾವು ಕರೆಯುವುದು ಟ್ರೈಮೀಥೈಲಮೈನ್ ಎಂಬ ಅನಿಲ. ಕಡಲ ಮೀನಿನ ಜೀವಕೋಶಗಳಲ್ಲಿರುವ ವಾಸನೆಯಿಲ್ಲದ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುತ್ತದೆ. ಹುಣಸೆ, ನಿಂಬೆ, ಪುನರ್ಪುಳಿಗಳ ಹುಳಿ ಅದನ್ನು ಹಿಡಿದುಹಾಕುವುದರಿಂದಲೇ ನಮ್ಮ ಸಾರುಗಳಲ್ಲಿ ಅವಕ್ಕೆ ಅಷ್ಟು ಗೌರವ. ಆದರೆ ವಾಸನೆ ಅಡಗಿಸಲು ನಿಂಬೆ ಬೇಕೆನಿಸುವ ಮೀನು ಪೊಕೆಗೆ ಅಲ್ಲ, ಸಾರಿಗೆ.

ಇಷ್ಟೆಲ್ಲ ಎಚ್ಚರಿಕೆಯ ಫಲ ಬಾಯಿಗೆ ಸಿಗುತ್ತದೆ. ಮೀನು ಸತ್ತ ಬಳಿಕ ಸ್ನಾಯುವಿನ ಶಕ್ತಿಯ ಅಣುವಾದ ಎಟಿಪಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ನಡುವಿನ ಒಂದು ಮೆಟ್ಟಿಲು ಐನೋಸಿನೇಟ್, ತುಂಬ ರುಚಿಕರ. ಕೊನೆಯ ಮೆಟ್ಟಿಲಿನ ಹೈಪೋಕ್ಸಾಂಥಿನ್ ಕಹಿ. ತಂಪು ಈ ಇಳಿತವನ್ನು ನಿಧಾನಗೊಳಿಸಿ, ಮೀನನ್ನು ರುಚಿಯ ಮೆಟ್ಟಿಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸುತ್ತದೆ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ ಅವರು ಕೊಂಬು ಎಂಬ ಕಡಲಪಾಚಿಯಲ್ಲಿ ಗ್ಲುಟಮೇಟನ್ನು ಗುರುತಿಸಿ ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಶಿಂತಾರೊ ಕೊದಾಮ ಅವರು ಒಣಗಿಸಿದ ಮೀನಿನಲ್ಲಿ ಐನೋಸಿನೇಟನ್ನು ಕಂಡುಕೊಂಡರು. ಹವಾಯಿಯಲ್ಲಿ ‘ಅಕು’ ಎಂದು ಕರೆದು ಪೊಕೆ ಮಾಡುವ ಮೀನೇ ಅದು. ಇವೆರಡೂ ನಾಲಿಗೆಯ ಮೇಲೆ ಒಟ್ಟಿಗೆ ಬಂದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ ಎಂದು ಮುಂದೆ ಅಕಿರಾ ಕುನಿನಾಕ ತೋರಿಸಿಕೊಟ್ಟರು. ಸೋಯಾ ಸಾಸಿನಲ್ಲಿ ಗ್ಲುಟಮೇಟ್ ತುಂಬಿದೆ, ಟ್ಯೂನಾದಲ್ಲಿ ಐನೋಸಿನೇಟ್. ಜಪಾನಿನ ಕೂಲಿಕಾರರ ಶೀಶೆಯಿಂದ ಹವಾಯಿಯ ಮೀನಿನ ಮೇಲೆ ಸೋಯಾ ಸಾಸ್ ಬಿದ್ದಾಗ ಆದದ್ದು ಈ ಗುಣಾಕಾರವೇ.

ಮನೆಯಲ್ಲಿ ನಾನು ಮಾಡುವ ಕ್ರಮ ಸರಳ. ಹೆಪ್ಪುಗಟ್ಟಿದ ಟ್ಯೂನಾವನ್ನು ಹಿಂದಿನ ರಾತ್ರಿ ಫ್ರಿಜ್‌ನೊಳಗೇ ಕರಗಲು ಬಿಡುತ್ತೇನೆ. ಗಾಳಿ ತೆಗೆದ ಪೊಟ್ಟಣವಾದರೆ ಮೊದಲೇ ಬಿಚ್ಚುತ್ತೇನೆ, ಏಕೆಂದರೆ ಗಾಳಿಯಿಲ್ಲದಲ್ಲಿ ಬೆಳೆಯುವ ಬೊಟುಲಿನಮ್ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್‌ನ ತಂಪಿನಲ್ಲೂ ವಿಷ ಉಂಟುಮಾಡಬಲ್ಲದು. 400 ಗ್ರಾಂ ಮೀನಿಗೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ಚಿಕ್ಕ ಚಮಚ ಹುರಿದ ಎಳ್ಳಿನ ಎಣ್ಣೆ, ತೆಳುವಾಗಿ ಹೆಚ್ಚಿ ತಣ್ಣೀರಿನಲ್ಲಿ ನೆನೆಸಿ ಘಾಟು ಕಳೆದ ಈರುಳ್ಳಿ, ಈರುಳ್ಳಿ ಸೊಪ್ಪು, ನೆನೆಸಿದ ಕಡಲಪಾಚಿ. ಕುಕುಯಿ ಬೀಜ ಸಿಗದೆ ಗೋಡಂಬಿಯನ್ನು ಚೆನ್ನಾಗಿ ಕೆಂಪಗೆ ಹುರಿದು ಒಂದಿಷ್ಟು ಉಪ್ಪಿನೊಂದಿಗೆ ಕುಟ್ಟುತ್ತೇನೆ. ಬೆರೆಸುವುದು ಊಟಕ್ಕೆ ಹತ್ತು ನಿಮಿಷ ಮೊದಲು ಮಾತ್ರ. ಬಹಳ ಹೊತ್ತು ಬಿಟ್ಟರೆ ಉಪ್ಪು ಮೀನಿನ ನೀರನ್ನು ಹೊರಗೆಳೆದು, ತುಂಡು ಬಿಗಿದು, ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ. ಮಾವು, ಜೋಳ, ಮೇಯನೇಸ್ ಎಲ್ಲವನ್ನೂ ಪೇರಿಸಿ ಕೊಡುವ ಅಂಗಡಿಗಳಿವೆ. ಅಷ್ಟು ಸಿಹಿ, ಹುಳಿ, ಕೊಬ್ಬಿನ ಕೆಳಗೆ ಮೀನಿನ ಸೂಕ್ಷ್ಮ ರುಚಿ ಹೂತುಹೋಗುತ್ತದೆ ಎಂದೇ ನನ್ನ ಅಭಿಪ್ರಾಯ.

ಹವಾಯಿಯಲ್ಲಿ ಇದರ ಅಡಿಯ ಅನ್ನ ಹೆಚ್ಚಾಗಿ ಕ್ಯಾಲ್‌ರೋಸ್ ಅಕ್ಕಿಯದು. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಡುಗಡೆಯಾದ ಈ ತಳಿಯಲ್ಲಿ ಅಮೈಲೋಸ್ ಎಂಬ ನೇರ ಸರಪಳಿಯ ಪಿಷ್ಟ ಕಡಿಮೆ, ಹಾಗಾಗಿ ಅಗುಳುಗಳು ಒಂದಕ್ಕೊಂದು ಅಂಟಿಕೊಂಡು ಮೀನಿನ ಸಾಸನ್ನು ಹಿಡಿದುಕೊಳ್ಳುತ್ತವೆ. ನಮ್ಮ ಸೋನಾ ಮಸೂರಿ ಉದುರುದುರಾಗಿರುತ್ತದೆ, ಸಾಸ್ ತಳಕ್ಕಿಳಿದುಬಿಡುತ್ತದೆ. ಬಿಸಿ ಅನ್ನದ ಮೇಲೆ ತಣ್ಣನೆಯ ಮೀನನ್ನು ಇಟ್ಟೊಡನೆ ತಿನ್ನಬೇಕು, ಕಾಯುವ ಊಟ ಇದಲ್ಲ.

ಮಂಗಳೂರು, ಬೆಂಗಳೂರುಗಳ ಓದುಗರಿಗೆ ಪ್ರೀತಿಯಿಂದಲೇ ಒಂದು ಮಾತು. ನಮ್ಮ ಮಾರುಕಟ್ಟೆಗೆ ಬರುವ ಮೀನು ಬೇಯಿಸಿ ತಿನ್ನಲೆಂದೇ ಹಿಡಿದದ್ದು, ಅದಕ್ಕೆ ತಕ್ಕಂತೆ ಸಾಗಿಸಿದ್ದು. ಬೆಳಿಗ್ಗೆ ದೋಣಿಯಿಂದ ಇಳಿದದ್ದಾದರೂ ಹಸಿಯಾಗಿ ತಿನ್ನಬೇಡಿ. ಗರ್ಭಿಣಿಯರು, ಎಳೆಯ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಎಲ್ಲಿಯೂ ಹಸಿ ಮೀನು ತಿನ್ನದಿರುವುದೇ ಸರಿ. ಲಿಸ್ಟೀರಿಯಾ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬೆಳೆಯುತ್ತದೆ. ಇದರಿಂದ ಪೊಕೆ ಕೈತಪ್ಪಿತೆಂದು ಭಾವಿಸಬೇಕಾಗಿಲ್ಲ. ಹವಾಯಿಯಲ್ಲೇ ಬೇಯಿಸಿದ ಆಕ್ಟೋಪಸ್ಸಿನ ಪೊಕೆ ಮನೆಮಾತು, ತೋಫುವಿನದೂ ಇದೆ. ಬೊಂಡಾಸ್ (ಸ್ಕ್ವಿಡ್) ಅಥವಾ ಸಿಗಡಿಯನ್ನು ಹದವಾಗಿ ಬೇಯಿಸಿ, ಐಸ್ ನೀರಿನಲ್ಲಿ ತಣಿಸಿ, ಅದೇ ಸೋಯಾ ಸಾಸ್, ಎಳ್ಳೆಣ್ಣೆ, ಗೋಡಂಬಿ ಬೆರೆಸಿದರೆ ಅಚ್ಚ ಹವಾಯಿಯ ದಾರಿಯಲ್ಲೇ ನಡೆದಂತೆ.

ನಮ್ಮ ಮನೆಯಲ್ಲಿ ಪೊಕೆ ಉಳಿಯುವುದು ಅಪರೂಪ. ಉಳಿದರೆ ಬಟ್ಟಲನ್ನು ಮೇಜಿನ ಮೇಲೆ ಬಿಡದೆ ಕೂಡಲೇ ಫ್ರಿಜ್‌ಗೆ ಸೇರಿಸುತ್ತೇನೆ. ಮರುದಿನ ಅದನ್ನು ಹಸಿಯಾಗಿ ತಿನ್ನುವುದಿಲ್ಲ. ಹವಾಯಿಯವರು ಮಾಡುವಂತೆ ಕಾವಲಿಯನ್ನು ಚೆನ್ನಾಗಿ ಕಾಯಿಸಿ ತುಂಡುಗಳನ್ನು ಸುರಿಯುತ್ತೇನೆ. ಸೋಯಾ ಸಾಸ್ ಅಂಚಿನಲ್ಲಿ ಚುರುಗುಟ್ಟಿ ಕಪ್ಪಾಗುತ್ತದೆ, ಎಳ್ಳಿನ ಪರಿಮಳ ಮನೆ ತುಂಬುತ್ತದೆ, ಮಕ್ಕಳು ತಟ್ಟೆ ಹಿಡಿದು ಒಲೆಯ ಬಳಿಗೆ ಬರುತ್ತಾರೆ.