ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಜೀನ್ ಪರೀಕ್ಷೆ ಏಕೆ?

ಪ್ರಶ್ನೆ: ಆರು ವರ್ಷದ ಮಗಳಿಗೆ ಬಿ-ಎಎಲ್ಎಲ್ (ಬಿ ಬಗೆಯ ಬಿಳಿ ರಕ್ತಕಣಗಳಲ್ಲಿ ಹುಟ್ಟಿ ಬೇಗ ಬೆಳೆಯುವ ರಕ್ತದ ಕ್ಯಾನ್ಸರ್) ಇರಬಹುದು ಅಂದಿದ್ದಾರೆ. ಮೂಳೆಯೊಳಗಿನ ಮಜ್ಜೆಯನ್ನು ದಾವಣಗೆರೆಯಲ್ಲೇ ತೆಗೆದು, ಜೀನ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬೇಕಂತೆ. ವಾಸಿಯಾಗುತ್ತೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತಾ?

ಉತ್ತರ: ನಿಮ್ಮ ಮಗಳ ಮಟ್ಟಿಗೆ ಹೌದು, ಇಲ್ಲ ಎಂದು ಯಾವ ಪರೀಕ್ಷೆಯೂ ಹೇಳಲಾರದು. ಕಾಯಿಲೆ ಯಾವ ಬಗೆಯದು, ಮರುಕಳಿಸುವ ಸಂಭವ ಎಷ್ಟು, ಚಿಕಿತ್ಸೆ ಎಷ್ಟು ಬಿರುಸಾಗಿರಬೇಕು ಎಂಬುದಕ್ಕೆ ಇದು ಬೇಕು. ಖಂಡಿತ ಕಳಿಸಿ.

ಜೀವಕೋಶದಲ್ಲಿ ಎಲ್ಲ ಜೀನ್‌ಗಳೂ ಇರುತ್ತವೆ. ಆದರೆ ಅದು ತನ್ನ ಕೆಲಸಕ್ಕೆ ಬೇಕಾದವನ್ನಷ್ಟೇ ಆರ್‌ಎನ್‌ಎಗೆ ನಕಲು ಮಾಡಿಕೊಳ್ಳುತ್ತದೆ. ಯಾವ ಜೀನಿನ ನಕಲು ಎಷ್ಟಿದೆ ಎಂಬ ಲೆಕ್ಕವೇ ಜೀನ್ ಎಕ್ಸ್‌ಪ್ರೆಶನ್. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಕಾಯಿಲೆಗಳು ಇಲ್ಲಿ ಬೇರೆಬೇರೆ ಎಂದು ತಿಳಿಯುತ್ತದೆ. ಇಟಿವಿ6, ರಂಕ್ಸ್1 ಎಂಬ ಎರಡು ಜೀನ್‌ಗಳ ಬೆಸುಗೆಯಿದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ. ವರ್ಷ ತುಂಬದ ಕೂಸುಗಳಲ್ಲಿ ಹೆಚ್ಚು ಸಿಗುವ ಕೆಎಂಟಿ2ಎ ಎಂಬ ಜೀನಿನ ಬದಲಾವಣೆ ಕಷ್ಟದ್ದು. 2009ರಲ್ಲಿ 'ಫಿಲಡೆಲ್ಫಿಯಾ ಥರದ' ಬಗೆ ಬೆಳಕಿಗೆ ಬಂದದ್ದೇ ಎಕ್ಸ್‌ಪ್ರೆಶನ್ ಅಳೆದದ್ದರಿಂದ: ಫಿಲಡೆಲ್ಫಿಯಾ ಕ್ರೋಮೋಸೋಮ್ (9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಆದದ್ದು) ಇಲ್ಲ, ಜೀನ್‌ಗಳ ವರ್ತನೆ ಮಾತ್ರ ಅದರಂತೆಯೇ. ಇದು ಮರುಕಳಿಸುವುದು ಹೆಚ್ಚು. ಇವರಲ್ಲಿ ಕೆಲವು ಮಕ್ಕಳಿಗೆ ಕ್ಯಾನ್ಸರ್ ಕಣ ಬೆಳೆಯುವ ಸಂಕೇತವನ್ನು ತಡೆಯುವ ಇಮಾಟಿನಿಬ್ ಅಥವಾ ಡಸಾಟಿನಿಬ್ ಮಾತ್ರೆ ಸೇರಿಸುವ ದಾರಿಯಿದೆ.

ಎಡವಟ್ಟಾಗುವುದು ಹೆಚ್ಚಾಗಿ ಲ್ಯಾಬಿಗೆ ಮುಟ್ಟುವ ಮೊದಲೇ. ಸ್ಟೀರಾಯ್ಡ್ ಶುರುವಾಗುವ ಮುಂಚೆ ಮಜ್ಜೆ ತೆಗೆಯಬೇಕು. ಒಂದೆರಡು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೂ ಕ್ಯಾನ್ಸರ್ ಕಣಗಳು ಕರಗಿ, ಅಳೆಯಲು ಏನೂ ಉಳಿಯದಿರಬಹುದು. ಕೆಮ್ಮಿಗೋ ಗಂಟಿಗೋ ಎಲ್ಲಾದರೂ ಸ್ಟೀರಾಯ್ಡ್ ಕೊಡಿಸಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಸಿರಿಂಜಿಗೆ ಮೊದಲು ಬರುವ ಒಂದೆರಡು ಮಿ.ಲೀ. ಮಜ್ಜೆಯೇ ಗಟ್ಟಿ, ಆಮೇಲಿನದರಲ್ಲಿ ರಕ್ತ ಬೆರೆಯುತ್ತದೆ. ಆರ್‌ಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು. ಹಸಿರು ಮುಚ್ಚಳದ ಹೆಪಾರಿನ್ ಕ್ರೋಮೋಸೋಮ್ ಪರೀಕ್ಷೆಗೆ ಸರಿ, ಆರ್‌ಎನ್‌ಎ ಪರೀಕ್ಷೆಯಲ್ಲಿ ಬಳಸುವ ಪಿಸಿಆರ್ ವಿಧಾನಕ್ಕೆ ಅಡ್ಡಿ. ಟ್ಯೂಬನ್ನು ಫ್ರೀಜರಿಗೆ ಹಾಕಬಾರದು, ಐಸಿಗೆ ನೇರ ತಾಗಿಸಲೂಬಾರದು. ಆರ್‌ಎನ್‌ಎ ಬೇಗ ಚೂರಾಗುತ್ತದೆ, 24 ಗಂಟೆಯೊಳಗೆ ಮುಟ್ಟಿದರೆ ಉತ್ತಮ. ಬೆಂಗಳೂರು ಸುಮಾರು 260 ಕಿ.ಮೀ., ದೂರ ತೊಂದರೆಯಲ್ಲ. ಶನಿವಾರ ಮಧ್ಯಾಹ್ನ ತೆಗೆದದ್ದು ಸೋಮವಾರದವರೆಗೆ ಎಲ್ಲೋ ಕೂತುಬಿಡುವುದೇ ತೊಂದರೆ. ಭಾನುವಾರ ತೆಗೆದುಕೊಳ್ಳುತ್ತಾರಾ ಎಂದು ಲ್ಯಾಬಿಗೆ ಮೊದಲೇ ಫೋನ್ ಮಾಡಿ. ಆದರೆ ಮಗುವಿಗೆ ಉಸಿರಾಟದ ತೊಂದರೆಯಂಥ ತುರ್ತು ಇದ್ದರೆ ಪರೀಕ್ಷೆಗಾಗಿ ಚಿಕಿತ್ಸೆ ತಡ ಮಾಡುವಂತಿಲ್ಲ, ಆ ತೀರ್ಮಾನ ಡಾಕ್ಟರದ್ದು.

ಇನ್ನೊಂದು ಮಾತು. ಚಿಕಿತ್ಸೆಯ ಮೊದಲ ಹಂತ ಮುಗಿಯುವಾಗ, ನಾಲ್ಕೈದು ವಾರಕ್ಕೆ, ಎಂಆರ್‌ಡಿ (ಮಜ್ಜೆಯಲ್ಲಿ ಇನ್ನೂ ಉಳಿದಿರುವ ಕ್ಯಾನ್ಸರ್ ಕಣಗಳನ್ನು ಹುಡುಕುವ) ಪರೀಕ್ಷೆ ಮಾಡುತ್ತಾರೆ. 10,000 ಕಣಗಳಲ್ಲಿ ಒಂದಕ್ಕಿಂತ ಕಡಿಮೆ ಕ್ಯಾನ್ಸರ್ ಕಣ ಉಳಿದಿದ್ದರೆ ಒಳ್ಳೆಯದು. ಮುಂದಿನದನ್ನು ಊಹಿಸಲು ಇದಕ್ಕೇ ಹೆಚ್ಚು ತೂಕ. ಜೀನ್ ರಿಪೋರ್ಟ್ ಚೆನ್ನಾಗಿದೆ, ಮಗು ಆಡಿಕೊಂಡಿದೆ ಎಂದು ಆ ದಿನದ ಮಜ್ಜೆ ಪರೀಕ್ಷೆ ತಪ್ಪಿಸಬೇಡಿ.