ಪದ ಪರಿಚಯ: ಸ್ಟ್ರೋಕ್ ಪೋರ್ಟಬಲ್

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡದ ನೆತ್ತಿಯಲ್ಲಿ ಹ್ಯಾಮ್ ರೇಡಿಯೊದವರು (ಹವ್ಯಾಸಕ್ಕೆ ರೇಡಿಯೊ ಸ್ಟೇಷನ್ ನಡೆಸುವವರು) ಸೇರಿದ ದಿನ ಹತ್ತಿರ ನಿಂತು ಕೇಳಿ. 'ಸಿಕ್ಯೂ ಸಿಕ್ಯೂ' (ಯಾರಾದರೂ ಉತ್ತರಿಸಿ) ಎಂದು ಕೂಗಿ, ತಮ್ಮ ಕಾಲ್‌ಸೈನ್, ಅಂದರೆ ಸ್ಟೇಷನ್ನಿನ ಗುರುತಿನ ಹೆಸರು ಹೇಳಿ, ಬಾಲಕ್ಕೆ 'ಸ್ಟ್ರೋಕ್ ಪೋರ್ಟಬಲ್' ಎಂದು ಸೇರಿಸುತ್ತಾರೆ. ಮೋರ್ಸ್ ಸಂಕೇತದಲ್ಲಾದರೆ ಒಂದು ಓರೆಗೆರೆ (ಅದೇ ಸ್ಟ್ರೋಕ್), ಒಂದು ಪಿ: ಡಾ-ಡಿ-ಡಿ-ಡಾ-ಡಿಟ್, ಡಿ-ಡಾ-ಡಾ-ಡಿಟ್.

ಅಂಗಡಿಯವರ ಬಾಯಲ್ಲಿ ಪೋರ್ಟಬಲ್ ಎಂದರೆ ಹಗುರವಾದದ್ದು. ಹ್ಯಾಮ್‌ಗಳಿಗೆ ಸೆಟ್ಟಿನ ತೂಕ ಇಲ್ಲಿ ಲೆಕ್ಕಕ್ಕಿಲ್ಲ. ಸ್ಟೇಷನ್ ಇವತ್ತು ತನ್ನ ಮಾಮೂಲಿ ಜಾಗದಲ್ಲಿಲ್ಲ ಎಂದು ತಿಳಿಸುವುದಕ್ಕೆ ಈ ಬಾಲ. ಮನೆಯ 100 ವಾಟಿನ ಸೆಟ್ಟನ್ನೇ ಜೀಪಿಗೆ ಹೇರಿ ತಂದು ಗುಡ್ಡದ ಮೇಲಿನ ಪದವಿನಲ್ಲಿ (ಬಯಲಿನಲ್ಲಿ) ಹೂಡಿದರೂ ಅದು ಪೋರ್ಟಬಲ್. ಓಡುವ ಕಾರಿನಿಂದ ಮಾತಾಡಿದರೆ ಮೊಬೈಲ್, ಹಡಗಿನಿಂದಾದರೆ ಮ್ಯಾರಿಟೈಮ್ ಮೊಬೈಲ್. 'ಒಯ್ಯಬಲ್ಲ' ಎಂದು ಕನ್ನಡಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಯಕ್ಷಗಾನ ಮೇಳದ ತಿರುಗಾಟ ನೋಡಿ ಬೆಳೆದ ಕುಂಬಳೆ ಸೀಮೆಯವರಿಗೆ 'ಬಿಡಾರ' ಎಂದರೆ ಥಟ್ಟನೆ ಹೊಳೆಯುತ್ತದೆ: ಸಂಜೆಗೆ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಬೆಳಗಾದರೆ ಪೆಟ್ಟಿಗೆ ಕಟ್ಟಿ ಹೊರಟಾಯಿತು. ಸ್ಟೇಷನ್ ಬಿಡಾರ ಹೂಡಿದೆ ಎನ್ನಬಹುದು, ಮೇಳದವರು ಒಪ್ಪಿದರೆ.

ಬಿಡಾರಕ್ಕೆ ಕರೆಂಟು ಬೇಕಲ್ಲ. 100 ವಾಟಿನ ಸೆಟ್ಟು ಪೂರ್ತಿ ಶಕ್ತಿಯಲ್ಲಿ ಕೂಗುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಕಾರಿನ ಬ್ಯಾಟರಿಯೂ ಬೇಗ ಸುಸ್ತು. 5 ವಾಟ್ ಸಾಕು ಎನ್ನುವವರದು ಕ್ಯೂಆರ್‌ಪಿ (ಕಡಿಮೆ ಶಕ್ತಿಯ) ಪಂಗಡ, ಅವರ ಬ್ಯಾಟರಿ ಹೆಗಲ ಚೀಲದಲ್ಲಿ ಕೂರುತ್ತದೆ.

ನಿಜವಾದ ಒದ್ದಾಟ ಆಂಟೆನಾದ್ದು. 7.1 ಮೆಗಾಹರ್ಟ್ಸ್‌ನ ಡೈಪೋಲಿಗೆ (ಎರಡು ತೋಳಿನ ತಂತಿ ಆಂಟೆನಾಕ್ಕೆ) ಹೆಚ್ಚುಕಡಿಮೆ 20 ಮೀಟರ್ ತಂತಿ ಬೇಕು. ಮುಳಿಹುಲ್ಲಿನ ಗುಡ್ಡದಲ್ಲಿ ಅದನ್ನು ಎತ್ತಿ ಕಟ್ಟಲು ಮರವೆಲ್ಲಿ? ಒಮ್ಮೆ ನಾವು 14 ಮೆಗಾಹರ್ಟ್ಸ್‌ಗೆಂದು 5 ಮೀಟರ್ ತಂತಿಯನ್ನು ಅಡಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಉದ್ದಕ್ಕೂ ಬಿಗಿದು ನಿಲ್ಲಿಸಿದೆವು. ಹಗುರ, ನೆಟ್ಟಗೆ, ನೋಡಲು ಚಂದ. ಮೀಟರಿನಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ, 1ರ ಹತ್ತಿರವಿದ್ದಷ್ಟೂ ಒಳ್ಳೆಯದು) ಮಾತ್ರ 3 ದಾಟಿ ಕೂತಿತು. ತಂತಿ ಉದ್ದ ಮಾಡಿದೆವು, ಗಿಡ್ಡ ಮಾಡಿದೆವು, ಒಬ್ಬರನ್ನೊಬ್ಬರು ಬೈದುಕೊಂಡೆವು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಅಂಟಿಕೊಂಡ ದೋಟಿಯೂ ಆಂಟೆನಾದ ಭಾಗವೇ ಆಗಿಬಿಟ್ಟಿತ್ತು. ಕೆಳಗಿನ ಮನೆಯಿಂದ ಒಣ ಬಿದಿರು ತಂದು ಅದೇ ತಂತಿ ಕಟ್ಟಿದ ಮೇಲೆ ಮುಳ್ಳು ಇಳಿಯಿತು. (ಅಲ್ಯೂಮಿನಿಯಂ ದೋಟಿಯೂ ಬೇಡ. ಯಾವ ಕೋಲಾದರೂ ಕರೆಂಟಿನ ಲೈನಿನ ಹತ್ತಿರ ಎತ್ತಲೇಬಾರದು.)

ಗುಡ್ಡವೇ ಯಾಕೆ? 2 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದದಿಂದ ಬಂದ ಹೆಸರು, 144 ಮೆಗಾಹರ್ಟ್ಸ್ ಆಸುಪಾಸು) ಎತ್ತರ ಏರಿದಷ್ಟೂ ದೂರ ಎಟಕುತ್ತದೆ. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್) ಸಿಗುವ ಲಾಭ ಬೇರೆ, ನಿಶ್ಶಬ್ದ. ಮನೆಯಲ್ಲಿ ಇನ್ವರ್ಟರು, ಎಲ್‌ಇಡಿ ಬಲ್ಬು, ಚಾರ್ಜರುಗಳ ಗೊರಗೊರದಲ್ಲಿ ಮುಳುಗಿದ ಸಣ್ಣ ಸಿಗ್ನಲ್ ಇಲ್ಲಿ ಸ್ಪಷ್ಟ ಕೇಳುತ್ತದೆ. ಆದರೆ ಕ್ಲಬ್ಬಿನವರೆಲ್ಲ ಒಂದೇ ಬ್ಯಾಂಡಿಗೆ ಮುಗಿಬಿದ್ದರೆ ಆ ಸುಖವೂ ಇಲ್ಲ. ಒಬ್ಬರು ಕೂಗಿದರೆ ಪಕ್ಕದವರ ರಿಸೀವರ್ ಕಿವುಡು. ಒಬ್ಬರಿಗೆ 40 ಮೀಟರ್, ಇನ್ನೊಬ್ಬರಿಗೆ 20 ಮೀಟರ್ (14 ಮೆಗಾಹರ್ಟ್ಸ್) ಎಂದು ಮೊದಲೇ ಹಂಚಿಕೊಂಡು ಆಂಟೆನಾಗಳನ್ನು ಆದಷ್ಟು ದೂರ ನಿಲ್ಲಿಸುತ್ತಾರೆ.

ಕೇಳುತ್ತಾ ಕೂರಲು ಯಾರೂ ಬರಬಹುದು. ಸ್ವಂತ ಕಾಲ್‌ಸೈನ್ ಬೇಕಾದರೆ 12 ವರ್ಷ ತುಂಬಿರಬೇಕು, ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ. ಅಲ್ಲಿಯವರೆಗೆ ಸಂಜೆ ತಂತಿ ಸುತ್ತುವ ಕೆಲಸ ಹೊಸಬರದೇ.